ಉಪವಾಸದ ಮಣ್ಣು

ನನ್ನ ಗಂಡನಿಗೆ ಪ್ರೀತಿ ತೋರಿಸಲು ಗೊತ್ತಿದ್ದದ್ದು ಒಂದೇ ದಾರಿ, ಹಾಕುವುದು. ಗಿಡ ಕಂಡರೆ ಗೊಬ್ಬರ ಹಾಕುತ್ತಾರೆ, ಮನುಷ್ಯರು ಕಂಡರೆ ತಟ್ಟೆಗೆ ಹಾಕುತ್ತಾರೆ. ನಮ್ಮ ಮಗಳು ಚಿಕ್ಕವಳಿದ್ದಾಗಿನಿಂದ ಊಟಕ್ಕೆ ಕೂತರೆ ತಟ್ಟೆಗೆ ಕೈ ಅಡ್ಡ ಹಿಡಿದು "ಸಾಕಪ್ಪಾ, ಸಾಕು" ಅನ್ನುವುದು, ಇವರು ಬೆರಳ ಸಂದಿಯಲ್ಲೇ ಸೌಟು ತೂರಿಸುವುದು, ದಿನಾ ಇದೇ ನಾಟಕ. "ರೀ, ಅವಳೇನು ಹೆಣ್ಣುಮಗಳೋ, ಗೊಬ್ಬರದ ಗುಂಡಿಯೋ?" ಎಂದು ಬೈದರೆ ಹಲ್ಲು ಕಿರಿಯುತ್ತಿದ್ದರು. ನನ್ನ ಬೈಗುಳ ಇವರಿಗೆ ತಾಗಿದ್ದು ಯಾವತ್ತು?

ಇವರು ಆಸ್ಪತ್ರೆಯ ಮಾಲಿ. ಮುಂದಿನ ಅಂಗಳದ ಹುಲ್ಲುಹಾಸು ಇವರದೇ ಕೈಕೂಸು. ಅದಕ್ಕೇ ಅಲ್ಲಿ ಎಲ್ಲರೂ ಇವರನ್ನು ಹುಲ್ಲಣ್ಣ ಅನ್ನುತ್ತಿದ್ದರು. ನಮ್ಮ ಮದುವೆಯಾದಾಗ ಅದು ಬರೀ ಕೆಂಪು ಮಣ್ಣಿನ, ಕಲ್ಲು ತುಂಬಿದ ಜಾಗ. ಒಣಗಿದೆಲೆ, ಸಗಣಿ, ಆಸ್ಪತ್ರೆಯ ಅಡುಗೆಮನೆಯ ತರಕಾರಿ ಸಿಪ್ಪೆ, ಎಲ್ಲವನ್ನೂ ಅಲ್ಲೇ ಹಿತ್ತಲಲ್ಲಿ ಗುಂಡಿ ತೆಗೆದು ಕೊಳೆಸಿ ಹಾಕಿ ಹಾಕಿ ಆ ಮಣ್ಣನ್ನು ಕಾಡಿಗೆಯಂತೆ ಕಪ್ಪಗೆ ಮಾಡಿದ್ದರು. ರೋಗಿಗಳ ಕಡೆಯವರು ಆ ಹುಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚಿದ್ದಾರೆ, ಅತ್ತಿದ್ದಾರೆ, ನಿದ್ದೆ ಹೋಗಿದ್ದಾರೆ. ಯಾರಾದರೂ ಬೀಡಿ ತುಂಡು ಬಿಸಾಕಿದರೆ ಮಾತ್ರ ಹುಲ್ಲಣ್ಣ ಹುಲಿಯಣ್ಣ ಆಗುತ್ತಿದ್ದರು.

ಈ ವರ್ಷ ಊರಿಗೆಲ್ಲ ನೀರಿಗೆ ತತ್ವಾರ. ವಾರ್ಡಿನಲ್ಲಿ ನಲ್ಲಿ ಒಣಗಿರುವಾಗ ಹುಲ್ಲಿಗೆ ಟ್ಯಾಂಕರ್ ತರಿಸುವುದು ಯಾವ ನ್ಯಾಯ ಎಂದರು ದೊಡ್ಡ ಡಾಕ್ಟರಮ್ಮ. ಹುಲ್ಲು ತೆಗೆಸಿ ಕಾಡುಹೂವಿನ ಹಾಸು ಹಾಕಿಸುವುದೆಂದು ತೀರ್ಮಾನವಾಯಿತು. ಒಮ್ಮೆ ಬೇರು ಬಿಟ್ಟರೆ ಅದಕ್ಕೆ ನೀರು ಹೆಚ್ಚು ಬೇಡ, ಕತ್ತರಿಸುವ ಯಂತ್ರದ ಗಲಾಟೆಯೂ ಇಲ್ಲ.

ಆ ಹಾಸು ಬೆಳೆಸುತ್ತಿದ್ದವಳು ಯಾರು? ನಮ್ಮ ಮಗಳೇ! ಊರಾಚೆ ಗೇಣಿಗೆ ಹೊಲ ಹಿಡಿದು, ತೆಳ್ಳಗಿನ ಹುಲ್ಲಿನ ಜೊತೆ ಕಾಡುಹೂವಿನ ಬೀಜ ಬಿತ್ತಿ, ಬೇರು ಹೆಣೆದುಕೊಂಡ ಮೇಲೆ ಮಣ್ಣುಸಮೇತ ಕತ್ತರಿಸಿ ಚಾಪೆಯಂತೆ ಸುತ್ತುವ ಕೆಲಸ. ಹೊಲದಲ್ಲಿ ಬೆನ್ನು ಮುರಿದು ದುಡಿದಿದ್ದಳು, ಯಾರೂ ಕೊಂಡಿರಲಿಲ್ಲ. ಇದೇ ಮೊದಲ ದೊಡ್ಡ ಕೆಲಸ. ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದ್ದರು: "ಇಲ್ಲಿ ಹೂ ಬಂದ್ರೆ ನಮ್ಮ ಬೇರೆ ಆಸ್ಪತ್ರೆಗಳಿಗೂ ನೀನೇ ಹಾಕು. ಬರ್ಲಿಲ್ಲ ಅಂದ್ರೆ ಇಲ್ಲಿಗೇ ಮುಗೀತು." ಹೂ ಬರದಿದ್ದರೆ ಅವಳು ಹೊಲ ಬಿಡಬೇಕು, ಅಷ್ಟೇ.

ಆಳುಗಳು ಬಂದು ಹುಲ್ಲು ಕಿತ್ತರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹುಲ್ಲು ಹೋಗಲಿ, ಮಗಳು ಆ ಕಪ್ಪು ಮಣ್ಣನ್ನೂ ಹೆರೆಸಿ ಹಿತ್ತಲಿಗೆ ಸಾಗಿಸಿಬಿಟ್ಟಳು. ಯಾಕೆಂದು ಬಿಡಿಸಿ ಹೇಳಲೂ ಅವಳಿಗೆ ಪುರುಸೊತ್ತಿರಲಿಲ್ಲ. ಕೆಳಗಿನ ಕೆಂಪು ಮಣ್ಣು ಮತ್ತೆ ಹಲ್ಲು ಬಿಟ್ಟಿತು. ಇವರು ಗೇಟಿನ ಹತ್ತಿರ ನಿಂತು ನೋಡಿದರು. ಮನೆಗೆ ಬಂದು "ನೆಲದ ಎಲುಬು ಕಾಣ್ತಿದೆ ಕಣೇ" ಎಂದರು. ಅಪ್ಪ ಮಗಳ ನಡುವೆ ನಾನೇನು ಹೇಳಲಿ? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಒಂದು ಅಂದೆ.

ಹಾಸು ಬರುವ ದಿನ ನೀರಿನ ಪೈಪು ಹಿಡಿಯಲು ನಾನೂ ಹೋಗಿದ್ದೆ. ಬೆಳಿಗ್ಗೆ ಲಾರಿ ಬಂತು. ಮಗಳು ಕೆಳಗಿಳಿದು ಅಂಗಳಕ್ಕೆ ಕಾಲಿಟ್ಟವಳು ಹಾಗೇ ನಿಂತಳು. ಕುಕ್ಕರಗಾಲಲ್ಲಿ ಕೂತು ಒಂದು ಹಿಡಿ ಮಣ್ಣೆತ್ತಿ ಮೂಸಿದಳು. ಅವಳ ಮುಖದ ಬಣ್ಣವೇ ಇಳಿದುಹೋಯಿತು.

"ಯಾರು ಗೊಬ್ಬರ ಹಾಕಿದ್ದು?"

ಕೇಳುವುದೇನು ಬಂತು! ಹಿಂದಿನ ದಿನ ರಜೆ. ಇವರು "ಸ್ವಲ್ಪ ಕೆಲಸ ಇದೆ" ಎಂದು ಹೋಗಿದ್ದವರು ಹಿತ್ತಲಿನ ಗುಂಡಿಯನ್ನೆಲ್ಲ ಬಳಿದು ತಂದು, ಹರಡಿ, ಹಲುಬೆಯಲ್ಲಿ ಎಳೆದು ಸಮ ಮಾಡಿದ್ದರು.

"ನಿನಗೋಸ್ಕರನೇ ಹಾಕ್ದೆ ಮಗಾ," ಎಂದರು, ಮುಖದಲ್ಲಿ ಬಹುಮಾನ ಕೊಡುವವರ ನಗು. "ನಿನ್ನ ಮೊದಲ್ನೇ ಕೆಲಸ. ಹೊಟ್ಟೆಗೆ ಹಾಕದೆ ಮಕ್ಕಳನ್ನ ಬೆಳೆಸೋಕಾಗುತ್ತಾ?"

"ಅಪ್ಪಾ, ಇವಕ್ಕೆ ಬಡ ಮಣ್ಣೇ ಬೇಕು. ಗೊಬ್ಬರ ಸಿಕ್ರೆ ಹುಲ್ಲು ಕೊಬ್ಬಿ ಹೂವಿನ ಕತ್ತು ಹಿಸುಕುತ್ತೆ. ಒಂದು ಹೂವೂ ಬರಲ್ಲ!" ಓಡಿಹೋಗಿ ಲಾರಿಯಲ್ಲಿದ್ದ ಸುರುಳಿಯೊಳಗೆ ಕೈ ತೂರಿಸಿದಳು. "ಆಗ್ಲೇ ಬಿಸಿಯಾಗ್ತಿದೆ. ಇವತ್ತೇ ಹಾಸದಿದ್ರೆ ಸುರುಳಿಯೊಳಗೇ ಬೆಂದು ಹೋಗುತ್ತೆ."

ಹಾಸಿದರೆ ಗೊಬ್ಬರ ಕೊಲ್ಲುತ್ತದೆ, ಹಾಸದಿದ್ದರೆ ಬಿಸಿ ಕೊಲ್ಲುತ್ತದೆ. ನನ್ನ ಕೈಯಲ್ಲಿದ್ದ ಪೈಪು ನನ್ನ ಕಾಲಿಗೇ ನೀರು ಸುರಿಯುತ್ತಿತ್ತು, ಗೊತ್ತೇ ಆಗಲಿಲ್ಲ. ಅದೇ ಹೊತ್ತಿಗೆ ಡಾಕ್ಟರಮ್ಮ ಮೆಟ್ಟಿಲಿಳಿದು ಬಂದರು.

"ಏನು, ಇನ್ನೂ ಶುರುವಾಗಿಲ್ವಾ?"

ಮಗಳು ಅಪ್ಪನ ಕಡೆ ನೋಡಲೇ ಇಲ್ಲ. "ಮಣ್ಣು ಸರಿಯಾಗಿ ತಯಾರಾಗಿಲ್ಲ ಮೇಡಂ. ನನ್ನದೇ ತಪ್ಪು."

"ಮೊದಲ್ನೇ ದಿನವೇ ಹೀಗಾದ್ರೆ ಹೇಗಮ್ಮಾ?"

ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ? ಎಲ್ಲರ ಮೇಲೂ. ಬಾಯಿ ತೆರೆಯುವಷ್ಟರಲ್ಲಿ ಇವರು ಮುಂದೆ ಬಂದರು. ಆ ನಗು ಎಲ್ಲೋ ಹೋಗಿತ್ತು.

"ಅವಳದ್ದಲ್ಲ ಮೇಡಂ, ನಂದು. ಕೇಳದೆ ಗೊಬ್ಬರ ಹಾಕ್ದೆ. ನಾನೇ ತೆಗೀತೀನಿ."

ಡಾಕ್ಟರಮ್ಮ ಇಬ್ಬರನ್ನೂ ನೋಡಿ, "ಸಂಜೆಯೊಳಗೆ ಆಗ್ಬೇಕು" ಎಂದು ಒಳಗೆ ಹೋದರು.

ಆಮೇಲಿನದು ಯುದ್ಧ. ಮಗಳು ಸುರುಳಿಗಳನ್ನು ಇಳಿಸಿ ಜಗುಲಿಯ ನೆರಳಲ್ಲಿ ಬಿಚ್ಚಿ ಹರಡಿಸಿದಳು. ನಾನು ಅವುಗಳ ಮೇಲೆ ನೀರು ಚಿಮುಕಿಸುತ್ತ ಓಡಾಡಿದೆ. ಇವರು ಸಲಿಕೆ ಹಿಡಿದು, ತಾವೇ ತಿನ್ನಿಸಿದ ಮಣ್ಣನ್ನು ಕಪ್ಪು ಮುಗಿದು ಕೆಂಪು ಕಾಣುವ ತನಕ ಹೆರೆದರು. ಕಸ ಗುಡಿಸುವವಳು, ಆಂಬುಲೆನ್ಸ್ ಡ್ರೈವರ್, ಯಾವುದೋ ರೋಗಿಯ ತಮ್ಮ, ಎಲ್ಲರೂ ಬುಟ್ಟಿ ಹೊತ್ತರು. "ಹುಲ್ಲಣ್ಣ, ನಿನ್ನ ಗೊಬ್ಬರ ನಮ್ಮ ತಲೆಗೂ ಹತ್ತಿತಲ್ಲೋ!" ಎಂದು ಡ್ರೈವರ್ ಕಿಚಾಯಿಸಿದರೂ ಇವರು ತಲೆಯೆತ್ತಲಿಲ್ಲ. ಸಲಿಕೆ ಸಾಲದೆ ಮೂಲೆಗಳಲ್ಲಿ ಕೈಯಿಂದಲೇ ಬಳಿದರು. ಅಪ್ಪ ಹೆರೆದ ಕಡೆ ಹಿಂದೆಯೇ ಮಗಳು ಹಾಸುತ್ತ ಬಂದಳು. ದೀಪ ಹಚ್ಚುವ ಹೊತ್ತಿಗೆ ಕೊನೆಯ ಚಾಪೆ ಬಿತ್ತು. ಕೆಲವು ಹಾಸುಗಳ ನಡುಭಾಗ ಹಳದಿಯಾಗಿತ್ತು.

ಬದುಕಿತೋ ಇಲ್ಲವೋ ಗೊತ್ತಾಗಲು ಕಾಯಬೇಕಿತ್ತು. ಇವರು ಹೊತ್ತು ಹೊತ್ತಿಗೆ ನೀರಷ್ಟೇ ಹಾಕಿ, ಕೈ ಹಿಂದೆ ಕಟ್ಟಿಕೊಂಡು ಸುತ್ತ ತಿರುಗುತ್ತಿದ್ದರು. ಆ ಕೈಗೆ ಬೇರೆ ಏನು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ. ಮೊದಲು ಬರೀ ಹುಲ್ಲು ತಲೆಯೆತ್ತಿತು. ಮಗಳು ಬಂದು ನೋಡಿ ಉಗುರು ಕಚ್ಚಿಕೊಂಡು ಹೋದಳು.

ಮನೆಯಲ್ಲಿ ಅದಕ್ಕಿಂತ ಕಷ್ಟ. ಊಟಕ್ಕೆ ಕೂತರೆ ಇವರು ಮಗಳಿಗೆ ಒಂದೇ ಸೌಟು ಹಾಕಿ, "ಸಾಕಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಸೌಟು ಪಾತ್ರೆಗೆ ಇಟ್ಟುಬಿಡುತ್ತಿದ್ದರು. ಅತಿಯಾದರೆ ಅಮೃತವೂ ವಿಷ ಎಂದು ಜೀವಮಾನವಿಡೀ ಹೇಳಿದವಳು ನಾನೇ. ಈಗ ಇವರು ಕಲಿತರು ನೋಡಿ, ಕಲಿಯದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು ನನಗೆ.

ಒಂದು ದಿನ ಸಂಜೆ ಇವರು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದರು. "ಬಂತು ಕಣೇ! ನೀಲಿ ಹೂ! ಹುಲ್ಲಿನ ಸಂದೀಲಿ, ಒಂದಲ್ಲ, ಎಲ್ಲಿ ನೋಡಿದ್ರೂ ಮೊಗ್ಗು!" ಹೊಲದಿಂದ ಬಂದ ಮಗಳು ಅದನ್ನು ಕೇಳಿ ಹಾಗೇ ಆಸ್ಪತ್ರೆಗೆ ಓಡಿದಳು. ತಿರುಗಿ ಬಂದಾಗ ಅವಳ ಕಣ್ಣು ಕೆಂಪಾಗಿತ್ತು, ಡಾಕ್ಟರಮ್ಮ ಮುಂದಿನ ಕೆಲಸ ಒಪ್ಪಿಸಿದ್ದರು.

ಊಟಕ್ಕೆ ಕೂತೆವು. ಇವರು ಒಂದು ಸೌಟು ಹಾಕಿದರು, "ಸಾಕಾ?" ಎಂದು ಸೌಟು ಪಾತ್ರೆಗಿಟ್ಟರು. ಮಗಳು ತಟ್ಟೆಯನ್ನು ಇವರ ಕಡೆಗೆ ತಳ್ಳಿದಳು.

"ಅಪ್ಪಾ, ನಾನೇನು ಕಾಡುಹೂವಾ? ಹಾಕು."

ಇವರು ಮತ್ತೆ ಸೌಟು ಎತ್ತಿದರು. ಒಂದು ಹಾಕಿದರು, ಇನ್ನೊಂದು ಹಾಕಿದರು. ತಟ್ಟೆ ತುಂಬಿ ಅಂಚಿಗೆ ಬಂತು. ಅವಳು ಕೈ ಅಡ್ಡ ಹಿಡಿಯಲಿಲ್ಲ.