ಬಿಡದೆ ಹಿಡಿದ ಸೀಟು

ಒಂದನ್ನು ಆರಿಸಿ ಇನ್ನೊಂದನ್ನು ಬಿಡುವುದು ನಾಗಪುರದ ಕೇತಕಿ ದೇಶ್ಕರಳಿಗೆ ಹುಟ್ಟಿನಿಂದಲೂ ಬಂದದ್ದಲ್ಲ. ಸೀರೆ ಅಂಗಡಿಗೆ ಹೋದರೆ ಎರಡು ತಂದು, ವಾರವೆಲ್ಲ ಕನ್ನಡಿಯ ಮುಂದೆ ನಿಂತು, ಕೊನೆಗೆ ಒಂದನ್ನು ವಾಪಸು ಕೊಡಲು ಅಮ್ಮನನ್ನು ಓಡಿಸುವವಳು. ಇಂಥವಳಿಗೆ ಎಂಬಿಎ ಓದಲು ಎರಡು ಕಾಲೇಜು ಸಿಕ್ಕಿದರೆ ಕೇಳಬೇಕೆ?

ಪ್ರವೇಶ ಪರೀಕ್ಷೆಗೆ ಅವಳ ಜೊತೆ ಓದಿದವಳು ವೃಷಾಲಿ ಗಾವಂಡೆ. ಇಬ್ಬರೂ ಒಂದೇ ವಿಮಾ ಕಚೇರಿಯಲ್ಲಿ ಅಕ್ಕಪಕ್ಕದ ಮೇಜಿನವರು. ವೃಷಾಲಿ ಗಂಡನನ್ನು ಬಿಟ್ಟು ಬಂದು, ಪುಟ್ಟ ಮಗಳೊಂದಿಗೆ ಆಯಿಯ, ಅಂದರೆ ತಾಯಿಯ, ಮನೆಯಲ್ಲಿದ್ದಳು. ಓದುವುದಾದರೆ ಅವಳಿಗೆ ಪುಣೆಯೊಂದೇ ದಾರಿ. ಅಲ್ಲಿ ಅಕ್ಕ ಇದ್ದಳು, ಮಗುವನ್ನು ನೋಡಿಕೊಳ್ಳುತ್ತೇನೆ ಎಂದಿದ್ದಳು. ಅದೂ ಈ ವರ್ಷವಾದರೆ ಮಾತ್ರ; ಇನ್ನೆರಡು ವರ್ಷಕ್ಕೆ, ಓದು ಮುಗಿಯುವ ಹೊತ್ತಿಗೆ, ಭಾವನಿಗೆ ವರ್ಗವಾಗುವುದಿತ್ತು. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಯಾವ ಹಾಸ್ಟೆಲಿಗೆ ಹೋಗಲಾದೀತು?

ಪುಣೆಯ ಕಾಲೇಜಿನಲ್ಲಿ ಕೇತಕಿಗೆ ಸೀಟು ಸಿಕ್ಕಿತು. ವೃಷಾಲಿಯ ಹೆಸರು ವೇಟಿಂಗ್ ಲಿಸ್ಟಿನ ಮೊದಲ ಸಾಲಿನಲ್ಲಿ ನಿಂತಿತು. ಒಳಗಿನವರು ಒಬ್ಬರು ಬಿಟ್ಟರೆ ಇವಳು ಒಳಗೆ. ಕೇತಕಿಗೆ ಮನಸ್ಸಿದ್ದದ್ದು ಮುಂಬಯಿಯ ಕಾಲೇಜಿನ ಮೇಲೆ, ಅದರ ಫಲಿತಾಂಶ ಇನ್ನೂ ಬಂದಿರಲಿಲ್ಲ.

"ಮುಂಬಯಿ ಬಂದ ಕ್ಷಣ ಪುಣೆ ಬಿಡ್ತೀನಿ ಕಣೆ, ನೀನು ಪೆಟ್ಟಿಗೆ ಕಟ್ಟು" ಎಂದಳು ಕೇತಕಿ. ಕಚೇರಿಯ ಎದುರು ತರ್ರಿ ಪೋಹಾ, ಅಂದರೆ ಖಾರದ ಸಾರು ಸುರಿದ ಅವಲಕ್ಕಿ, ಮಾರುವ ಗಾಡಿಯ ಬಳಿ ನಿಂತು ಆಡಿದ ಮಾತು, ಮನಸಾರೆ ಆಡಿದ್ದೇ.

ಮುಂಬಯಿ ಬಂತು. ಕೇತಕಿ ಬಾಯಿ ಬಿಡಲಿಲ್ಲ.

ಮೊದಲ ದಿನ ಸಂತೋಷವನ್ನು ಒಬ್ಬಳೇ ಸವಿಯೋಣ ಎನಿಸಿತು. ಮರುದಿನ ಅನುಮಾನ ಶುರುವಾಯಿತು. ಪುಣೆಯೇ ಒಳ್ಳೆಯದೇನೋ? ಅಲ್ಲಿ ಖರ್ಚು ಕಡಿಮೆ, ಮುಂಬಯಿಯಲ್ಲಿ ನೌಕರಿ ಬೇಗ. ಸೋದರಮಾವನನ್ನು ಕೇಳಿದಳು, ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ ಹುಡುಕಿ ಕೇಳಿದಳು. ಅಪ್ಪನನ್ನು ಕೇಳಿದಾಗ ಅವರು ಕೂಲರಿನ ಮುಂದಿನಿಂದ ಕದಲದೆ, "ಬಸ್ಸಿನ ಕಿಟಕೀಲಿ ಟವೆಲ್ ಹಾಕಿದ್ಮೇಲೆ ಹಿಂದಿನ ಬಸ್ಸು ಬಂತು ಅಂತ ಯಾರಾದ್ರೂ ತೆಗೀತಾರೇನೆ? ಹಿಂದಿನ ಬಸ್ಸು ಹತ್ತಿ ಕೂತ್ಕೊ, ಆಮೇಲೆ ಟವೆಲ್ ತೆಗಿ. ಪುಣೇಲಿ ಕಟ್ಟಿದ ದುಡ್ಡು ಜೂನ್ ಕೊನೇವರೆಗೂ ವಾಪಸ್ ಕೊಡ್ತಾರಂತಲ್ಲ!" ಎಂದರು.

ಆ ಮಾತು ಕೇತಕಿಗೆ ಹಿತವಾಗಿ ಕೇಳಿಸಿತು. ಜೂನ್ ಕೊನೆಯವರೆಗೆ ಸಮಯವಿದೆ, ವೃಷಾಲಿಗೂ ಅಷ್ಟೇ ಸಮಯವಿದೆ ಎಂದುಕೊಂಡಳು. ನಿಜ ಹೇಳಬೇಕೆಂದರೆ ಅವಳ ಮನಸ್ಸು ಮುಂಬಯಿಯನ್ನು ಎಂದೋ ಆರಿಸಿಯಾಗಿತ್ತು. ಎರಡು ಕಾಲೇಜು ತನ್ನ ದಾರಿ ಕಾಯುತ್ತಿವೆ ಎಂಬ ಬಿಂಕವನ್ನು ಬಿಡಲಾಗಲಿಲ್ಲ, ಅಷ್ಟೇ.

"ಮುಂಬಯಿಯಿಂದ ಏನಾದ್ರೂ ಬಂತೇನೆ?" ವೃಷಾಲಿ ದಿನವೂ ಕೇಳುತ್ತಿದ್ದಳು.

"ಇನ್ನೂ ಇಲ್ಲ ಕಣೆ."

"ಬರುತ್ತೆ ಬಿಡು. ನಿನ್ನಂಥ ಬುದ್ಧಿವಂತೇನ ಬಿಡ್ತಾರಾ ಅವರು? ಬಿಟ್ರೆ ಅವರಿಗೇ ನಷ್ಟ."

ಅಂಥ ದಿನಗಳಲ್ಲಿ ಇಬ್ಬರ ಪೋಹಾದ ದುಡ್ಡನ್ನೂ ಕೇತಕಿಯೇ ಕೊಡುತ್ತಿದ್ದಳು. ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದಳು. ನಾಳೆ ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದಲ್ಲ ಎಂದು ಮತ್ತೆ ಸುಮ್ಮನಾಗುತ್ತಿದ್ದಳು. ಒಂದು ಸುಳ್ಳು ಹೀಗೆ ದಿನದಿನಕ್ಕೆ ಬಲಿಯಿತು.

ಕೊನೆಗೆ ಜೂನ್ ಮುಗಿಯುವ ಮೊದಲೇ, ತಡೆಯಲಾರದೆ, ಪುಣೆಯ ಸೀಟು ಬಿಟ್ಟಳು. ಬಿಟ್ಟು, ಇನ್ನೇನು ವೃಷಾಲಿ ಕುಣಿಯುತ್ತ ಫೋನ್ ಮಾಡುತ್ತಾಳೆ ಎಂದು ಕಾದಳು. ಫೋನ್ ಬರಲಿಲ್ಲ. ತಾನೇ ಕಾಲೇಜಿಗೆ ಫೋನ್ ಮಾಡಿ ವಿಚಾರಿಸಿದಳು.

"ದುಡ್ಡು ವಾಪಸ್ ಬರುತ್ತೆ ಮೇಡಂ, ಚಿಂತೆ ಬೇಡ" ಎಂದ ಗುಮಾಸ್ತ.

"ದುಡ್ಡಲ್ಲ ರೀ. ನನ್ನ ಸೀಟು ವೇಟಿಂಗ್ ಲಿಸ್ಟಿನವರಿಗೆ ಯಾವಾಗ ಕೊಡ್ತೀರಿ?"

"ಅಯ್ಯೋ, ಆ ಲಿಸ್ಟು ಜೂನ್ ಮೊದಲ ವಾರಾನೇ ಮುಚ್ಚಿಹೋಯ್ತು. ಆ ಸೀಟು ಇನ್ನು ಖಾಲಿ ಇರುತ್ತೆ."

ಹಣ ಹಿಂತಿರುಗಿಸುವ ಗಡುವನ್ನೇ ಕೇತಕಿ ಎಲ್ಲದರ ಗಡುವು ಎಂದುಕೊಂಡಿದ್ದಳು. ಯಾರಿಗೂ ಬೇಡವಾದ ಹಾಗೆ ಆ ಸೀಟು ಎರಡು ವರ್ಷ ಖಾಲಿ ಇರುವುದಿತ್ತು.

ಮರುದಿನ ಗಾಡಿಯ ಬಳಿ ಎಲ್ಲವನ್ನೂ ಹೇಳಿದಳು. ವೃಷಾಲಿ ತಟ್ಟೆ ಕೆಳಗಿಟ್ಟಳು. ಬೈದರೆ ಸಾಕಪ್ಪಾ ಎಂದು ಕೇತಕಿ ತಲೆ ತಗ್ಗಿಸಿ ನಿಂತಳು.

"ಮುಂಬಯಿ ಯಾವತ್ತು ಬಂತು?"

"ಅಕ್ಷಯ ತೃತೀಯ. ಬೆಳಿಗ್ಗೆ."

"ಅವತ್ತು ಮಧ್ಯಾಹ್ನ ನೀನು ನಮ್ಮನೆಗೆ ಮಾವಿನ ಆಮ್‌ರಸದ ಊಟಕ್ಕೆ ಬಂದಿದ್ದೆ."

"ಹೂಂ."

"ಊಟಕ್ಕೆ ಮುಂಚೆ ಆಯಿ ದೀಪ ಹಚ್ಚಿ, ಕೇತಕಿಗೆ ಮುಂಬಯಿ ಸಿಗ್ಲಿ ದೇವ್ರೇ ಅಂತ ಬೇಡ್ಕೊಂಡ್ಳು. ನೀನೂ ಪಕ್ಕದಲ್ಲೇ ನಿಂತು ಕೈ ಮುಗಿದೆ."

ಕೇತಕಿಗೆ ಚೆನ್ನಾಗಿ ನೆನಪಿತ್ತು.

ವೃಷಾಲಿ ಕಚೇರಿಯ ಚೀಲವನ್ನು ಹೆಗಲಿಗೇರಿಸಿಕೊಂಡಳು. "ಆಯಿ ಇನ್ನೂ ದಿನಾ ದೀಪ ಹಚ್ತಾಳೆ. ಇವತ್ತು ಸಂಜೆ ಅವಳಿಗೆ ಏನಂತ ಹೇಳ್ಲಿ, ನೀನೇ ಹೇಳು."