ಸ್ಪಂಜಿಗೆ ಹೆಪ್ಪು ಹಾಕುವ ಮುನಿರಾಮಯ್ಯ

ಬೆಳಗಿನ ಐದೂವರೆ. ಕುರುಬರಹಳ್ಳಿಯ ತಮ್ಮ ಮನೆಯ ಹಿತ್ತಲಲ್ಲಿ ಮುನಿರಾಮಯ್ಯ ಮರಳು ತೊಳೆಯುತ್ತಿದ್ದಾರೆ. ಅಕ್ಕಿ ತೊಳೆಯುವ ಹಾಗೆ ಬಕೆಟ್ಟಿನಲ್ಲಿ ಕೈಯಾಡಿಸಿ, ಕೆಂಪು ನೀರು ಬಸಿದು, ಮತ್ತೆ ತುಂಬುತ್ತಾರೆ. ಏಳನೆಯ ಸಲಕ್ಕೆ ನೀರು ತಿಳಿಯಾಗುತ್ತದೆ. ಆಮೇಲೆ ಒಂದು ಹಿಡಿ ಮರಳನ್ನು ತಟ್ಟೆಗೆ ಹಾಕಿ, ಮೇಲೆ ನಿಂಬೆಹಣ್ಣು ಹಿಂಡಿ, ಬಗ್ಗಿ ನೋಡುತ್ತಾರೆ. ಉಪ್ಪಿನಕಾಯಿಗೆಂದು ತಂದ ನಿಂಬೆಹಣ್ಣು ಮರಳಿನ ಪಾಲಾಯಿತೆಂದು ಮನೆಯಾಕೆ ನರಸಮ್ಮ ಒಳಗಿನಿಂದ ಗೊಣಗುತ್ತಾರೆ.

"ನೊರೆ ಬಂದ್ರೆ ಸುಣ್ಣ ಐತೆ ಅಂತ ಸಾರ್. ಅಂಥ ಮರಳು ಗಿಡಕ್ಕಾಗಲ್ಲ," ಎನ್ನುತ್ತಾರೆ ಮುನಿರಾಮಯ್ಯ, ಅವರ ಕೆಲಸ ನೋಡಲು ಬಂದ ನನಗೆ.

ಗಾಜಿನ ತೊಟ್ಟಿಯಲ್ಲಿ ಮೀನಿನ ಜೊತೆ ನೀರಿನ ಗಿಡಗಳನ್ನೂ ಬೆಳೆಸಿಕೊಡುವುದು ಇವರ ಕಸುಬು. ಮನೆತನದ ಹೊಲ ಬಡಾವಣೆಗೆ ಹೋದ ಮೇಲೆ ಕಾಲೇಜೊಂದರ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷ ಅಟೆಂಡರ್ ಆಗಿದ್ದರು. ಕಲಿತದ್ದೆಲ್ಲ ಅಲ್ಲೇ. ಈಗ ಟಿ.ವಿ. ಬಂದ ಮನೆಗಳಿಗೆ ಅದರ ಪಕ್ಕದಲ್ಲಿ ಮೀನೂ ಬೇಕಾಗಿದೆ. ರಾಜಾಜಿನಗರದಿಂದ ವಿಜಯನಗರದವರೆಗೆ ಹದಿನೇಳು ತೊಟ್ಟಿಗಳನ್ನು ಇವರು ಸೈಕಲ್ಲಿನಲ್ಲೇ ಸುತ್ತಿ ನೋಡಿಕೊಳ್ಳುತ್ತಾರೆ. ಎಲ್ಲರಿಗೂ ತಳದಲ್ಲಿ ಬಿಳಿ ಅಮೃತಶಿಲೆಯ ಚೂರೇ ಬೇಕು. ಅದರಲ್ಲಿ ಸುಣ್ಣವಿದೆ ಎಂದು ಇವರು ಜಪ್ಪಯ್ಯ ಅಂದರೂ ಹಾಕುವುದಿಲ್ಲ.

ಹದಿನೇಳರಲ್ಲಿ ಇವರ ನಿದ್ದೆ ಕೆಡಿಸಿರುವುದು ಒಂದೇ ತೊಟ್ಟಿ. ಅದಿರುವುದು ಬಸವೇಶ್ವರನಗರದಲ್ಲಿ, ಡಾಕ್ಟರ್ ಗಿರಿಜಾದೇವಿಯವರ ಕ್ಲಿನಿಕ್ಕಿನಲ್ಲಿ. ಇವರು ಮೊದಲು ಇಟ್ಟುಕೊಟ್ಟದ್ದು ಅದನ್ನೇ. ಉಳಿದವರು ಕರೆದದ್ದು ಅದನ್ನು ನೋಡಿಯೇ. ಹೋದ ಯುಗಾದಿಗೆ ಅಲ್ಲಿನ ಆಯಾ ಇಂದ್ರಮ್ಮ ಬೆಂಚು, ಕಿಟಕಿ, ಫ್ಯಾನು ಎಲ್ಲ ತೊಳೆದು, ಅದೇ ಭಕ್ತಿಯಿಂದ ತೊಟ್ಟಿಯ ಫಿಲ್ಟರನ್ನೂ ಮರಳನ್ನೂ ಸೋಪಿನ ಪುಡಿ ಹಾಕಿ ಉಜ್ಜಿ ಬಿಸಿಲಿಗಿಟ್ಟರು. ವಾರದೊಳಗೆ ಹನ್ನೊಂದು ಮೀನೂ ಸತ್ತವು. ಇನ್ನೊಮ್ಮೆ ಹೀಗಾದರೆ ತೊಟ್ಟಿ ಅಟ್ಟಕ್ಕೆ ಹೋಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ.

ಮುನಿರಾಮಯ್ಯ ಎಲ್ಲವನ್ನೂ ಹೊಸದಾಗಿ ಯೋಚಿಸಿದರು. ಮೊದಲು ಫಿಲ್ಟರ್ ಎಂದು ಇದ್ದದ್ದು ಮರಳಿನಡಿಯ ತೂತಿನ ತಟ್ಟೆ. ನೀರು ಮರಳಿನ ಮೂಲಕವೇ ಸೋಸಿಹೋಗುತ್ತಿತ್ತು. ಗಿಡದ ಬೇರು ಇಳಿದರೆ ತೂತು ಕಟ್ಟುತ್ತದೆ, ಮಣ್ಣು ಹಾಕುವಂತಿಲ್ಲ. ಈ ಸಲ ತಟ್ಟೆ ತೆಗೆದು, ಎರಡು ಬೆರಳು ಕೆರೆಮಣ್ಣು, ಮೇಲೆ ಮೂರು ಬೆರಳು ಮರಳು ಹಾಸಿದರು. ಮೂಲೆಗೆ ಗಾಳಿ ಪಂಪಿನಿಂದ ನಡೆಯುವ ಸ್ಪಂಜಿನ ಫಿಲ್ಟರ್. ಮೀನಿನ ಹೊಲಸನ್ನು ಅರಗಿಸುವುದು ಸ್ಪಂಜಿನೊಳಗೆ ಮನೆ ಮಾಡುವ, ಕಣ್ಣಿಗೆ ಕಾಣದ ಜೀವಿಗಳು. ಹೊಸ ಸ್ಪಂಜಿನಲ್ಲಿ ಅವಿಲ್ಲ. ಅದಕ್ಕೆ ತಮ್ಮ ಮನೆಯ ತೊಟ್ಟಿಯ ಹಳೇ ಸ್ಪಂಜನ್ನು ಅದರ ಮೇಲೆ ಹಿಂಡಿದರು.

ಇಂದ್ರಮ್ಮನಿಗೆ ಹೇಳುವುದೇ ಕಷ್ಟವಾಯಿತು. ಇಡೀ ದಿನ ಫಿನಾಯಿಲ್ ಹಿಡಿದು ಕ್ರಿಮಿ ಕೊಲ್ಲುವಾಕೆಗೆ ಒಳ್ಳೆಯ ಕ್ರಿಮಿಯೂ ಇದೆ ಎಂದರೆ ನಂಬಿಕೆ ಹೇಗೆ ಬರಬೇಕು? ಕೊನೆಗೆ ಇವರು ಅಡಿಗೆಮನೆಯ ಮಾತಿಗೆ ಇಳಿದರು.

"ಹೆಪ್ಪಿನ ಬಟ್ಟಲು ಬಳಿದು, ಸೋಪಾಕಿ ತೊಳೆದ್ಬಿಟ್ರೆ ನಾಳೆ ಮೊಸರು ಎಲ್ಲಿಂದ ಬರ್ತದೆ ಇಂದ್ರಮ್ಮ? ಇದೂ ಅಂಗೇ."

ಇಂದ್ರಮ್ಮ ಬಕೆಟ್ಟು ಎತ್ತಿಕೊಂಡು ನೆಲ ಒರೆಸಲು ಹೋದರಂತೆ. ಕೇಳಿಸಿತೋ ಇಲ್ಲವೋ ಎಂದು ಮುನಿರಾಮಯ್ಯನವರಿಗೆ ಇಂದಿಗೂ ಅನುಮಾನ.

ಇವತ್ತು ಅಲ್ಲಿಗೇ ಹೊರಟಿದ್ದಾರೆ. ಗೌರಿಹಬ್ಬಕ್ಕೆ ಇನ್ನು ಮೂರೇ ದಿನ, ತೊಳೆಯುವ ಕಾಲ. ಜೊತೆಗೆ ನಾನೂ ಇದ್ದೇನೆ. ಕ್ಲಿನಿಕ್ಕಿನ ಬಾಗಿಲಿಗೇ ಫಿನಾಯಿಲ್ ವಾಸನೆ ಹೊಡೆಯುತ್ತದೆ. ಬೆಂಚುಗಳು ಒದ್ದೆ, ಫ್ಯಾನಿನ ರೆಕ್ಕೆ ಫಳಫಳ. ಮುನಿರಾಮಯ್ಯನವರ ಮುಖ ಇಳಿದುಹೋಗುತ್ತದೆ. ನೇರ ತೊಟ್ಟಿಯ ಹತ್ತಿರ ಹೋಗಿ ಬಗ್ಗುತ್ತಾರೆ. ಹೊರಗಿನ ಗಾಜು ಹೊಳೆಯುತ್ತಿದೆ. ಒಳಗೆ ಸ್ಪಂಜು ಮಾತ್ರ ಹಾಗೇ ಇದೆ, ಕಂದುಬಣ್ಣದ ಕೊಳೆಯ ಸಮೇತ. ಗಿಡಗಳ ನಡುವೆ ಈ ಸಲ ಹೊಸದಾಗಿ ಬಿಟ್ಟ ಒಂಬತ್ತು ಮೀನೂ ಓಡಾಡುತ್ತಿವೆ. ಎರಡೆರಡು ಸಲ ಎಣಿಸುತ್ತಾರೆ. ಅವರ ಕಣ್ಣು ಒದ್ದೆಯಾದದ್ದು ನನಗೆ ಕಾಣುತ್ತದೆ. ನನಗೂ ತುಂಬಾ ಸಂತೋಷವಾಗುತ್ತದೆ.

ಮಧ್ಯಾಹ್ನ ವಿಜಯನಗರದಲ್ಲಿ ಹೊಸ ತೊಟ್ಟಿ ಇಡಬೇಕಿದೆ. ಮನೆಯ ಸ್ಪಂಜನ್ನು ಹೋದ ವಾರವೇ ಇನ್ನೊಬ್ಬರಿಗೆ ಹಿಂಡಿಯಾಗಿದೆ. ಮುನಿರಾಮಯ್ಯ ಚೀಲದಿಂದ ಅಗಲಬಾಯಿಯ ಬಾಟಲಿ ತೆಗೆದು, ಸ್ವಲ್ಪ ಸಂಕೋಚದಿಂದಲೇ, ಇಲ್ಲಿಂದ ಒಂದಿಷ್ಟು ತಗೊಳ್ಳಲೇ ಎಂದು ಇಂದ್ರಮ್ಮನನ್ನು ಕೇಳುತ್ತಾರೆ. ಆಕೆ ನೆಲ ಒರೆಸುವುದನ್ನು ಬಿಟ್ಟು, ಕೈ ಒರೆಸಿಕೊಂಡು ಬಂದು, ಪಕ್ಕದಲ್ಲೇ ನಿಂತು ನೋಡುತ್ತಾರೆ. ಸ್ಪಂಜಿನ ಕಂದು ನೀರು ಬಾಟಲಿಗೆ ಇಳಿಯುತ್ತದೆ.

"ಪೂರ್ತಿ ಹಿಂಡ್ಬೇಡಿ ಅಣ್ಣ," ಎನ್ನುತ್ತಾರೆ ಇಂದ್ರಮ್ಮ. "ನಮಗೂ ಒಸಿ ಉಳಿಸಿ."