ಅಕ್ಕತಂಗಿಯರ ಕಾದಂಬರಿಗೆ ನಾನು ಕಟ್ಟಿದ ಕೊನೆ

ಅಣ್ಣನ ಮಗಳು ಕಳಿಸಿದ ಪುಸ್ತಕದ ಕಟ್ಟು ಬಿಚ್ಚಿದೊಡನೆ ಗೋಂದಿನ ವಾಸನೆ ಮೂಗಿಗೆ ಬಡಿಯಿತು. ಮುಖಪುಟದ ಮೇಲೆ ‘ಹಳೆಯ ಪ್ರೇಮ ಕಾದಂಬರಿಯ ಹೊಸ ರೂಪ’ ಎಂದಿತ್ತು. ಒಳಗೆ ಅವರೇ ಅಕ್ಕತಂಗಿಯರು, ಅದೇ ಕೈತಪ್ಪಿದ ತೌರುಮನೆ. ಆದರೆ ನಾಯಕ ಕಾಗದ ಬರೆಯುವ ಬದಲು ಮೊಬೈಲಿನಲ್ಲಿ ಹೆಬ್ಬೆರಳಿನ ಚಿತ್ರ ಕಳಿಸುತ್ತಾನೆ. ವಿರಹಕ್ಕೆ ಹೆಬ್ಬೆರಳು ಸಾಕೇ ಎಂಬ ಗಹನ ಪ್ರಶ್ನೆಯಲ್ಲಿ ಒಂದು ಬೆಳಗು ಕಳೆದೆ, ಓದುಗ ಮಹಾಶಯರೇ.

ಹಳೆಯದನ್ನು ನಾನು ಓದಿದ್ದು ಹಿಂದೂಪುರದಲ್ಲಿ, ದೊಡ್ಡಮ್ಮನ ಮನೆಯಲ್ಲಿ, ಗಟ್ಟಿಯಾಗಿ. ಮಧ್ಯಾಹ್ನ ಹೆಂಗಸರು ಕೂಲಿಗೆ ಹುಣಸೆಹಣ್ಣಿನ ಬೀಜ ಬಿಡಿಸುವಾಗ ಒಬ್ಬರು ಕಾದಂಬರಿ ಓದಬೇಕು. ಓದುವವರಿಗೆ ಕೆಲಸ ಮಾಫಿ. ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ ಕೂತಿದ್ದ ನನಗಿಂತ ಯೋಗ್ಯರು ಇನ್ನಾರು? ಕನ್ನಡದಲ್ಲಿ ಓದಿ, ಪಕ್ಕದ ಮನೆಯವರಿಗಾಗಿ ತೆಲುಗಿನಲ್ಲಿ ಹೇಳುತ್ತಿದ್ದೆ. ನಾಯಕಿಯನ್ನು ಎರಡೆರಡು ಭಾಷೆಯಲ್ಲಿ ಅಳಿಸುವುದು ಸಣ್ಣ ಜವಾಬ್ದಾರಿಯಲ್ಲ.

ಆ ವರ್ಷ ದೊಡ್ಡಮ್ಮನ ಹಿರಿಮಗಳು ನಾಗರತ್ನಕ್ಕ ಕಲ್ಯಾಣದುರ್ಗದ ಗಂಡನ ಮನೆ ಬಿಟ್ಟು ಬಂದಿದ್ದಳು. ವಾಪಸ್ಸು ಹೋಗುವುದೋ ಬೇಡವೋ ಎಂಬುದು ಹುಣಸೆ ರಾಶಿಯ ಸುತ್ತ ದಿನವೂ ವಿಚಾರಣೆಗೆ ಬರುತ್ತಿತ್ತು. ತಂಗಿ ಶಾರದೆ ಮಾತ್ರ, “ಇಬ್ರೂ ಸೇರಿ ಹೊಲಿಗೆ ಅಂಗ್ಡಿ ಇಕ್ಕಣ ಬಾರಕ್ಕ” ಎನ್ನುತ್ತಿದ್ದಳು. ಕಾದಂಬರಿಯ ಅಕ್ಕನೂ ಗಂಡನನ್ನು ಬಿಟ್ಟಿದ್ದರಿಂದ ದೊಡ್ಡಮ್ಮ ತೀರ್ಪಿತ್ತಳು: “ಆಯಮ್ಮ ಏನ್ ಮಾಡ್ತಾಳೋ ನೀನೂ ಅದೇ ಮಾಡು ಕಣಮ್ಮ. ಬುಕ್ಕು ಬರ್ದೋರು ದಡ್ರಾ?”

ಕೊನೆಯ ದಿನ ಪುಟ ತಿರುವಿದರೆ ಕೊನೆಯ ಅಧ್ಯಾಯವೇ ಇಲ್ಲ, ಯಾರೋ ಹರಿದಿದ್ದಾರೆ. ಎಂಟು ಜನ ಬಾಯಿ ಬಿಟ್ಟುಕೊಂಡು ಕೂತಿದ್ದಾರೆ. ಇಲ್ಲವೆಂದರೆ ಹುಣಸೆಹಣ್ಣು ನನ್ನ ಕೈಗೆ ಬರುತ್ತದೆ. ಬರಿಯ ರಟ್ಟನ್ನು ನೋಡಿಕೊಂಡೇ ಓದಿಬಿಟ್ಟೆ: ಗಂಡ ಅತ್ತ, ಅಕ್ಕ ಕ್ಷಮಿಸಿದಳು, ಅವನ ಮನೆಗೆ ಮರಳಿ ದೀಪ ಹಚ್ಚಿದಳು.

“ಅಂತೇ ಕದಾ! ಅಷ್ಟೇ ಅಲ್ವಾ, ಇನ್ನೇನ್ ಮತ್ತೆ!” ಎಂದು ದೊಡ್ಡಮ್ಮ ಕಣ್ಣೊರೆಸಿಕೊಂಡಳು. ನಾಗರತ್ನಕ್ಕ ನನ್ನನ್ನೇ ನೋಡಿದಳು. ಮರುದಿನ ಬೆಳಿಗ್ಗೆ ಕಲ್ಯಾಣದುರ್ಗದ ಬಸ್ಸು ಹತ್ತಿದಳು. ಕಳಿಸಿದವನು ನಾನೇ ಎಂದು ಪುಸ್ತಕವನ್ನು ಹುಣಸೆ ಚೀಲದಡಿ ಬಚ್ಚಿಟ್ಟೆ.

ಸಂಜೆಯ ಬಸ್ಸಿನ ಟಾಪಿನಿಂದ ಅವಳ ಹೊಲಿಗೆ ಮಿಷನ್ನು ಇಳಿಯಿತು, ಬಾಗಿಲಿನಿಂದ ಅವಳು. “ಇದ್ನ ತಗಂಡ್ಬರಕ್ಕೆ ಹೋಗಿದ್ದೆ ಕಣವ್ವ” ಎಂದಳು, ಅಷ್ಟೇ. ಓದಿದ್ದು ಫಲಿಸಲಿಲ್ಲವೆಂದು ದೊಡ್ಡಮ್ಮ ಒಂದು ತಿಂಗಳು ಮಾತು ಬಿಟ್ಟಳು, ಅವಳೊಡನಲ್ಲ, ನನ್ನೊಡನೆ.

ನಿನ್ನೆ ಹೊಸ ಪುಸ್ತಕ ಹಿಡಿದು ನಾಗರತ್ನಕ್ಕ, ಶಾರದೆಯರ ಹೊಲಿಗೆ ಅಂಗಡಿಗೆ ಹೋದೆ. ಬಟ್ಟೆ ಹೊಲಿದೂ ಹೊಲಿದೂ ಅಕ್ಕನಿಗೀಗ ಅಕ್ಷರ ಕಾಣದು. ಇಷ್ಟು ವರ್ಷದ ಪಾಪ ನಿವೇದಿಸಿಕೊಂಡೆ: “ಅಕ್ಕ, ಆವತ್ತಿನ ಕೊನೆ ನಾನೇ ಕಟ್ಟಿದ್ದು.”

“ಗೊತ್ತು ಕಣ್ಲಾ. ಹರ್ದಿದ್ದು ನಾನೇ, ಅವ್ವನ ಕಿವೀಗೆ ಬೀಳ್ಬಾರ್ದು ಅಂತ. ಹರ್ದಿದ್ ಹಾಳ್ಯಾಗೂ ಅವ್ಳು ಗಂಡನ ಮನೇಗೇ ಹೋಯ್ತಾಳೆ. ಹರ್ದಾಕಿದ್ರೂ ನಿನ್ ಬಾಯಾಗೆ ಅದೇ ಬಂತಲ್ಲೋ, ಪೆದ್ದಾ!”

ಶಾರದೆ ಗುಂಡಿ ಹೊಲಿಯುತ್ತಾ ನಕ್ಕಳು. “ಓದಿ ಫೇಲಾದೋನು, ಓದ್ದೆ ಪಾಸಾಗ್ಬುಟ್ಟ!”

ನಾನೇ ಕಟ್ಟಿದೆನೆಂದು ಇಷ್ಟು ದಿನ ನಾಚಿಕೊಂಡ ಆ ಕೊನೆ ನನ್ನದೇ ಆಗಿರಲಿಲ್ಲ. ಹಾಗಾದರೆ ನನ್ನ ತಲೆಯೊಳಗೆ ಅದನ್ನು ಅಚ್ಚುಹಾಕಿದವರು ಯಾರು? ಹೊಸದರ ಕೊನೆಯ ಅಧ್ಯಾಯ ತೆಗೆದು ಓದಿದೆ. ಇದರಲ್ಲಿ ಅಕ್ಕ ಹಿಂದಿರುಗುವುದಿಲ್ಲ. ತಂಗಿಯೊಡನೆ ಅಂಗಡಿ ಇಡುತ್ತಾಳೆ. ಕೆಲವು ವರ್ಷಗಳ ಮೇಲೆ ಒಬ್ಬ ಸಭ್ಯ ಗಿರಾಕಿಯನ್ನು ಮದುವೆಯಾಗುತ್ತಾಳೆ.

ಮತ್ತೆ ಮದುವೆಯ ಮಾತೆತ್ತದ ನಾಗರತ್ನಕ್ಕ ನಗುತ್ತಾಳೆಂದುಕೊಂಡೆ. ನಗಲಿಲ್ಲ. ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು ಬೀದಿಯ ಕಡೆ ತಿರುಗಿದಳು. ಶಾರದೆಯ ಸೂಜಿಯೂ ನಿಂತಿತು.

“ಕೊನೇ ಸಾಲ್ನ ಇನ್ನೊಂದ್ಸಲ ಓದು” ಎಂದಳು ಅಕ್ಕ.

ಓದಿದೆ, ಅಚ್ಚಾಗಿದ್ದಷ್ಟನ್ನೇ. ಅವಳಿಗೆ ಹಿತವಾಯಿತೋ ನೋವಾಯಿತೋ ಎಂದು ಕೇಳುವ ಧೈರ್ಯ ಬರಲಿಲ್ಲ.